ಅಣ್ಣ ಪೊಲೀಸ್ ಆದ ಮೇಲೆ ನಿದ್ದೆಯಲ್ಲೂ ಮಲಯಾಳಂ: ಖಾಕಿ ಮನುಷ್ಯನನ್ನು ಬದಲಾಯಿಸ್ತದಾ?

ಅಡಿಕೆ ಹಾಳೆ
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದವಳು. ಅಣ್ಣ ಕೇರಳ ಪೊಲೀಸಿಗೆ ಸೇರಿ ಆರು ವರ್ಷ ಆಯ್ತು, ಸಿಪಿಒ (ಸಿವಿಲ್ ಪೊಲೀಸ್ ಆಫೀಸರ್, ಮೊದಲಿನ ಕಾನ್‌ಸ್ಟೇಬಲ್). ಮನೆಯಲ್ಲಿ ನಮ್ಮದು ಕನ್ನಡ, ಅಮ್ಮನ ತವರಿನವರ ಹತ್ತಿರ ತುಳು. ಅಣ್ಣ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ನಿದ್ದೆಯಲ್ಲಿ ಕನವರಿಸುವುದೂ ಮಲಯಾಳಂನಲ್ಲಿ.

ಅದು ಇರಲಿ, ಭಾಷೆ ಕಲಿತದ್ದು ಒಳ್ಳೆಯದೇ. ನನ್ನ ಸಂಕಟ ಬೇರೆ. ಕಳೆದ ತಿಂಗಳು ಮಾವನ ಮನೆಯಲ್ಲಿ ಪೂಜೆ ಇತ್ತು. ಊಟ ಆಗಿ ಚಾವಡಿಯಲ್ಲಿ ನಾಲ್ಕೈದು ಜನ ಇಸ್ಪೀಟು ಹಾಕಿ ಕೂತಿದ್ರು, ದುಡ್ಡಿನ ಆಟ ಅಲ್ಲ. ಅಣ್ಣನ ಬೈಕಿನ ಶಬ್ದ ಕೇಳಿದ್ದೇ ಎಲೆಗಳೆಲ್ಲ ಚಾಪೆಯ ಅಡಿಗೆ ಹೋದವು. ಅವನು ಒಳಗೆ ಬಂದ, ಎಲ್ಲರೂ ಮಳೆಯ ವಿಷಯ ಮಾತಾಡ್ಲಿಕ್ಕೆ ಶುರು ಮಾಡಿದ್ರು. ಅವನಿಗೆ ಗೊತ್ತಾಯ್ತು. ಚಾಪೆಯ ಮೂಲೆಯಿಂದ ಇಣುಕುತ್ತಿದ್ದ ಇಸ್ಪೀಟಿನ ರಾಜನನ್ನು ನೋಡಿ, ಏನೂ ಹೇಳದೆ ಕೈ ತೊಳೆಯಲು ಹೋದ. ಚಿಕ್ಕವನಿದ್ದಾಗ ಇದೇ ಚಾವಡಿಯಲ್ಲಿ ಅದೇ ಮಾವನ ತೊಡೆ ಮೇಲೆ ಕೂತು ಆಟ ಕಲಿತವ ಅವನು.

ಠಾಣೆಯಲ್ಲಿ ಅವನನ್ನು "ಕನ್ನಡಕ್ಕಾರನ್" ಅಂತಾರಂತೆ. ಊರಿನಲ್ಲಿ "ಪೊಲೀಸು". ಹೆಸರು ಹಿಡಿದು ಕರೆಯೋದು ಅಮ್ಮ ಒಬ್ಬರೇ. ಹೋಟೆಲಿಗೆ ಹೋದರೆ ಬಾಗಿಲಿಗೆ ಮುಖ ಮಾಡಿ ಕೂರ್ತಾನೆ. ನಾನು ಮನೆಗೆ ಬಂದರೆ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ, ಇದೇ ಕ್ರಮದಲ್ಲಿ ಕೇಳ್ತಾನೆ. ಇದು ಎಲ್ಲ ಪೊಲೀಸರ ಮನೆಯಲ್ಲೂ ಉಂಟಾ? ಬದಲಾದದ್ದು ಅವನಾ, ನಾವಾ?

ತಲಪಾಡಿ ಬಸ್ಸು
ಬಾಗಿಲಿಗೆ ಮುಖ ಮಾಡಿ ಕೂರೋದು ನೂರಕ್ಕೆ ನೂರು ಸತ್ಯ. ನಮ್ಮ ಭಾವನೂ ಹಾಗೇ. ಮದುವೆ ಊಟದ ಪಂಕ್ತಿಯಲ್ಲೂ ಮೂಲೆಯ ಕುರ್ಚಿಯೇ ಬೇಕು.

ಪೆರ್ಲದ ಹುಡುಗ
ಅಕ್ಕಾ, ವಿಷಯ ಬೇರೆ, ಕ್ಷಮಿಸಿ. ನಾನು ಪೊಲೀಸ್ ಕೆಲಸಕ್ಕೆ ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದ್ತಾ ಇದ್ದೇನೆ. ಕನ್ನಡ ಮೀಡಿಯಂನವರಿಗೆ ಟ್ರೈನಿಂಗಿನಲ್ಲಿ ತುಂಬ ಕಷ್ಟ ಆಗ್ತದಾ? ನಿಮ್ಮ ಅಣ್ಣನಿಗೆ ಹೇಗಿತ್ತು?

ಅಡಿಕೆ ಹಾಳೆ
@ಪೆರ್ಲದ ಹುಡುಗ, ಅವನದ್ದು ಕಣ್ಣೂರು ಮಾಙ್ಙಾಟ್ಟುಪರಂಬದಲ್ಲಿ, ಕೆಎಪಿ (ಕೇರಳ ಸಶಸ್ತ್ರ ಪೊಲೀಸ್) ನಾಲ್ಕನೇ ಬೆಟಾಲಿಯನ್. ಮಾತು ಅರ್ಥ ಆಗ್ತಿತ್ತಂತೆ, ಬರೆಯೋದೇ ಕಷ್ಟ ಆದದ್ದು. ರಾತ್ರಿ ಲೈಟು ಆರಿದ ಮೇಲೆ ಟಾರ್ಚು ಹಿಡಿದು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಪಿ ಬರೆದಿದ್ದಾನೆ. ಆ ಪುಸ್ತಕ ಈಗಲೂ ಉಂಟು ನಮ್ಮಲ್ಲಿ.

ನಿವೃತ್ತ ರೈಟರ್
ತಂಗೀ, ನಿಮ್ಮ ಬರಹ ಎರಡು ಸಲ ಓದಿದೆ. ನಾನು 31 ವರ್ಷ ಇದೇ ಜಿಲ್ಲೆಯಲ್ಲಿ ಇದ್ದವ, ಅದರಲ್ಲಿ ಬಹುಪಾಲು ರೈಟರ್ ಕೆಲಸ, ಅಂದರೆ ಠಾಣೆಯ ಬರವಣಿಗೆ. ನನ್ನ ಅಪ್ಪನೂ ಪೊಲೀಸು. 1956ರ ಅಕ್ಟೋಬರ್ 31ರ ರಾತ್ರಿ ಅವರು ಪಾರಾವಿಗೆ (ಕಾವಲಿಗೆ) ನಿಂತದ್ದು ಮದ್ರಾಸು ಪೊಲೀಸಾಗಿ. ಬೆಳಗಾಗುವಾಗ ಕೇರಳ ಪೊಲೀಸು. ಅಷ್ಟರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಒಂದೇ ಇತ್ತಲ್ಲ, ಅವರ ಜೊತೆಗೆ ಸೇರಿದವರಲ್ಲಿ ಮಂಗಳೂರು ಕಡೆ ಇದ್ದವರು ಮೈಸೂರು ಪೊಲೀಸಾದರು. "ನಿಂತ ಜಾಗ ಬದಲಾಗಲಿಲ್ಲ, ಹೊತ್ತ ಕೋವಿ ಬದಲಾಗಲಿಲ್ಲ, ಸರಕಾರ ಬದಲಾಯ್ತು" ಅಂತ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ನಿಮ್ಮ ಪ್ರಶ್ನೆಗೆ ಬರ್ತೇನೆ. ಖಾಕಿ ಬದಲಾಯಿಸ್ತದೆ. ಆದರೆ ಹೊರಗಿನವರು ಅಂದುಕೊಂಡ ಹಾಗೆ ಲಾಠಿಯಿಂದ ಅಲ್ಲ, ಕೇಳಿ ಕೇಳಿ. ದಿನಕ್ಕೆ ಹತ್ತು ಜನ ಬಂದು ಹೇಳ್ತಾರೆ, ಅದರಲ್ಲಿ ಪೂರ್ತಿ ನಿಜ ಹೇಳುವವರು ಕಡಿಮೆ. ಕಳ್ಳ ಮಾತ್ರ ಅಲ್ಲ, ದೂರು ಕೊಡುವವನೂ ಸ್ವಲ್ಪ ಮುಚ್ಚಿಡ್ತಾನೆ. ಹತ್ತು ವರ್ಷ ಇದನ್ನೇ ಕೇಳಿದವನಿಗೆ ಮನೆಯಲ್ಲಿ ಮಗ "ಶಾಲೆಗೆ ಹೋಗಿದ್ದೆ" ಅಂದರೂ ಕಿವಿ ನೆಟ್ಟಗಾಗ್ತದೆ. ನನಗೆ ಆಗಿದೆ. ನನ್ನ ಮಗ ನನ್ನ ಹತ್ತಿರ ಮಾತಾಡೋದನ್ನೇ ಬಿಟ್ಟಿದ್ದ, ಕಾಲೇಜು ಮುಗಿಯುವವರೆಗೆ.

ಇನ್ನು ಕನ್ನಡಕ್ಕಾರನ್ ವಿಷಯ. ಒಂದು ಠಾಣೆಯಲ್ಲಿ ಆದದ್ದು ಹೇಳ್ತೇನೆ. ಒಬ್ಬ ಅಜ್ಜ ಬಂದಿದ್ದರು, ತೋಟಕ್ಕೆ ನೀರು ಬಿಡುವ ವಿಷಯದಲ್ಲಿ ನೆರೆಮನೆಯ ಹುಡುಗನ ಜೊತೆ ಜಗಳ. ಅಜ್ಜನಿಗೆ ಕನ್ನಡ ಬಿಟ್ಟರೆ ತುಳು. ಮೊಳಿ (ಹೇಳಿಕೆ) ಬರೆದುಕೊಂಡವರು ತೆಂಕಿನಿಂದ ವರ್ಗ ಆಗಿ ಬಂದು ತಿಂಗಳಾಗಿತ್ತಷ್ಟೆ, ಒಳ್ಳೆಯ ಮನುಷ್ಯ. ಅಜ್ಜ "ಅವ ನನ್ನನ್ನು ತಳ್ಳಿದ" ಅಂದರು. ಅವರ ಕಿವಿಗೆ "ತಲ್ಲಿ" ಅಂತ ಬಿತ್ತು. ಮಲಯಾಳಂನಲ್ಲಿ ತಲ್ಲಿ ಅಂದರೆ ಹೊಡೆದ. ಹಾಗೇ ಬರೆದಾಯ್ತು. ಸಹಿಗೆ ಮೊದಲು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅಜ್ಜ ಎದ್ದು ನಿಂತರು. "ಹೊಡೆಯಲಿಲ್ಲ ಮಾರಾಯ, ನಾನು ಎತ್ತಿ ಆಡಿಸಿದ ಹುಡುಗ ಅವ, ತಳ್ಳಿದ್ದು ಅಷ್ಟೆ" ಅಂತ ಕಣ್ಣಲ್ಲಿ ನೀರು ತಂದರು. ಕಾಗದ ಹರಿದು ಬೇರೆ ಬರೆದೆವು.

ಆ ದಿನದಿಂದ ಕನ್ನಡದವರು ಯಾರು ಬಂದರೂ "ಅವನೆ ವಿಳಿಕ್ಕ್", ಅವನನ್ನು ಕರಿ ಅಂತ. ರಜೆಯ ದಿನವೂ ಕರೆ. ರಾತ್ರಿ ಪಾರಾವು ಮುಗಿಸಿ ಮಲಗಿದವನನ್ನು ಎಬ್ಬಿಸಿ ಕರೆ. ಈ ಕೆಲಸ ಯಾವ ಡ್ಯೂಟಿ ಪುಸ್ತಕದಲ್ಲೂ ಇಲ್ಲ.

ಖಾಕಿಯ ಮನೆಯಾಕೆ
"ಯಾವ ಡ್ಯೂಟಿ ಪುಸ್ತಕದಲ್ಲೂ ಇಲ್ಲ." ಇದನ್ನು ನಮ್ಮೆಜಮಾನರಿಗೆ ಓದಿ ಹೇಳಿದೆ. ಸುಮ್ಮನೆ ಕೂತರು.

ಕರಿಕೋಟು
ರೈಟರ್ ಸಾರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ. ತಳ್ಳಿದರೂ ಅಪರಾಧವೇ, ಅದು ಬಿಟ್ಟುಹೋಗಬಾರದು. ಆಗಿನ ದಂಡ ಸಂಹಿತೆ ಐಪಿಸಿಯಲ್ಲಿ ಸೆಕ್ಷನ್ 352, ಹೊಡೆದು ನೋವು ಮಾಡಿದರೆ 323. ಮೊದಲನೆಯದಕ್ಕೆ ಹೆಚ್ಚೆಂದರೆ ಮೂರು ತಿಂಗಳು, ಎರಡನೆಯದಕ್ಕೆ ಒಂದು ವರ್ಷ. ಒಂದು ಲಕಾರಕ್ಕೆ ಒಂಬತ್ತು ತಿಂಗಳ ವ್ಯತ್ಯಾಸ! ಈಗ ಅದರ ಬದಲು ಬಂದ ಬಿಎನ್‌ಎಸ್‌ನಲ್ಲಿ 131 ಮತ್ತು 115.

ಓದಿ ಹೇಳುವುದು ಉಪಕಾರ ಅಲ್ಲ, ಕಾನೂನು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 154, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 173. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಕೊಟ್ಟವನಿಗೆ ಓದಿ ಹೇಳಿ, ಸಹಿ ಹಾಕಿಸಬೇಕು. ಪ್ರತಿ ಪುಕ್ಕಟೆ ಕೊಡಬೇಕು. ಅರ್ಥವಾಗದ ಭಾಷೆಯಲ್ಲಿ ಓದಿದರೆ ಓದಿದ ಹಾಗಾಯ್ತಾ? ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು, ತಮಿಳರು ತಮ್ಮ ಭಾಷೆಯಲ್ಲೇ ಸರಕಾರಿ ಕಚೇರಿಗಳಿಗೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಅಂತದೆ. ಕನ್ನಡದಲ್ಲಿ ಬರೆದದ್ದನ್ನು "ಮಲಯಾಳಂನಲ್ಲಿ ತನ್ನಿ" ಅಂತ ವಾಪಸು ಕಳಿಸಿದರೆ ಸುಮ್ಮನೆ ಬರಬೇಡಿ.

ಕುಂಬಳೆಯವ
ಎಲ್ಲರೂ ಪೊಲೀಸರ ಮೇಲೆ ಕನಿಕರ ತೋರಿಸ್ತಾ ಇದ್ದೀರಿ. ನಾನು ಬೇರೆ ಹೇಳ್ತೇನೆ. ಮೂರು ವರ್ಷದ ಹಿಂದೆ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಮದ್ದು ತರಲು ಹೋಗಿದ್ದೆ. ಜೀಪು ನಿಲ್ಲಿಸಿದ್ರು. ಮೊದಲ ಮಾತೇ "ಎಡಾ", ನಮ್ಮಲ್ಲಿ "ಏನೋ" ಅಂದ ಹಾಗೆ. ನನ್ನ ಮಲಯಾಳಂ ಅಷ್ಟಕ್ಕಷ್ಟೆ, ತಡವರಿಸಿದೆ. ತಡವರಿಸಿದ್ದೇ ಸಂಶಯ ಆಯ್ತು. ಅರ್ಧ ಗಂಟೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಮೊಬೈಲು ನೋಡಿದ್ರು. ಅವರಲ್ಲಿ ಒಬ್ಬ ನಮ್ಮ ಶಾಲೆಯವನೇ, ಎರಡು ವರ್ಷ ದೊಡ್ಡವ. ನನ್ನ ಗುರುತು ಸಿಕ್ಕಿದೆ ಅಂತ ಕಣ್ಣಲ್ಲೇ ಗೊತ್ತಾಗ್ತಿತ್ತು. ಒಂದು ಮಾತು ಕನ್ನಡದಲ್ಲಿ ಹೇಳಲಿಲ್ಲ. ಅದು ಇವತ್ತಿಗೂ ನೋಯ್ತದೆ. ಎಡಾ ಅಂದವನ ಮೇಲೆ ಅಷ್ಟು ಸಿಟ್ಟಿಲ್ಲ, ಸುಮ್ಮನಿದ್ದವನ ಮೇಲೆ ಉಂಟು.

ಎಡಾ, ಎಡೀ, ನೀ ಅಂತ ಜನರನ್ನು ಕರೆಯಬಾರದು ಅಂತ 2021ರಲ್ಲಿ ಕೇರಳ ಹೈಕೋರ್ಟು ಹೇಳಿ, ಡಿಜಿಪಿ ಸುತ್ತೋಲೆಯೂ ಬಂದದ್ದಲ್ವಾ? ಸುತ್ತೋಲೆ ನಮ್ಮ ರಸ್ತೆಗೆ ಬರಲೇ ಇಲ್ಲ.

ತಲಪಾಡಿ ಬಸ್ಸು
ಕರ್ನಾಟಕದಲ್ಲಿ ಮಾತ್ರ ಬಹುವಚನವಾ? "ಏಯ್ ಬಾರೋ" ಕೇಳಿಲ್ವಾ ನೀವು?

ಕುಂಬಳೆಯವ
ನಾನು ಕರ್ನಾಟಕದ ಮಾತು ಎತ್ತಲೇ ಇಲ್ಲ.

ಅಡಿಕೆ ಹಾಳೆ
@ಕುಂಬಳೆಯವ, ನಿಮಗಾದದ್ದು ತಪ್ಪು. ಅದಕ್ಕೆ ಸಮಜಾಯಿಷಿ ನಾನು ಕೊಡುವುದಿಲ್ಲ. ಆದರೆ ಆ ಸುಮ್ಮನಿದ್ದವನ ಜಾಗದಲ್ಲಿ ನನ್ನ ಅಣ್ಣನನ್ನು ನಿಲ್ಲಿಸಿ ನೋಡಿದೆ, ಹೊಟ್ಟೆ ತೊಳೆಸಿದ ಹಾಗಾಯ್ತು. ಅವನು ಮಾತಾಡ್ತಿದ್ದನಾ? ನನಗೆ ಖಾತ್ರಿ ಇಲ್ಲ.

ನಿವೃತ್ತ ರೈಟರ್
ಕುಂಬಳೆಯವರೇ, ಅವನು ಯಾಕೆ ಸುಮ್ಮನಿದ್ದ ಅಂತ ಹೇಳಲು ಪ್ರಯತ್ನಿಸ್ತೇನೆ, ಸರಿ ಅಂತ ಅಲ್ಲ. ಹೊಸಬನಾಗಿದ್ದಾಗ ನನಗೆ ಒಬ್ಬ ಹಳೆ ಹೆಡ್ಡು ಹೇಳಿಕೊಟ್ಟ ಮೊದಲ ಪಾಠ: ಜೀಪಿನಲ್ಲಿದ್ದವನ ಮಾತನ್ನು ಜೀಪಿನ ಹೊರಗೆ ತಿದ್ದಬಾರದು. ನಾಳೆ ಗಲಾಟೆಯಲ್ಲಿ ಕಲ್ಲು ಬೀಳುವಾಗ ಪಕ್ಕದಲ್ಲಿ ನಿಲ್ಲುವವನು ಅವನೇ. ಅದರ ಮೇಲೆ ಕನ್ನಡದವನಿಗೆ ಇನ್ನೊಂದು ಭಯ. ಊರಿನವನ ಪರ ಒಂದು ಮಾತು ಆಡಿದರೆ "ಅವನ ಆಳು" ಅಂತ ಹೆಸರು ಬೀಳ್ತದೆ. ಹಾಗಾಗಿ ನಮ್ಮವರು ನಮ್ಮವರ ಮೇಲೆಯೇ ಜಾಸ್ತಿ ಬಿಗಿ ತೋರಿಸ್ತಾರೆ. ನಾನೂ ಮಾಡಿದ್ದೇನೆ. ಒಂದು ಕೋಳಿ ಅಂಕದ ದಾಳಿಯಲ್ಲಿ ಸ್ವಂತ ದೊಡ್ಡಪ್ಪನ ಮಗನ ಹೆಸರನ್ನು ಎಲ್ಲರಿಗಿಂತ ಮೊದಲು ಬರೆದೆ, ಪಕ್ಷಪಾತ ಇಲ್ಲ ಅಂತ ತೋರಿಸಲಿಕ್ಕೆ. ಅವನು ಬಂದದ್ದು ನೋಡಲು ಮಾತ್ರ, ಅದು ನನಗೆ ಗೊತ್ತಿತ್ತು.

ಚಂದ್ರಗಿರಿ ತೀರ
ಈ "ಜೀಪಿನ ಹೊರಗೆ ತಿದ್ದಬಾರದು" ಅನ್ನುವ ಪಾಠ ಎಲ್ಲಿಗೆ ಮುಟ್ಟಿಸ್ತದೆ ಅಂತ ಕೇರಳಕ್ಕೆ ಗೊತ್ತುಂಟು. 1970ರಲ್ಲಿ ವಯನಾಡಿನ ತಿರುನೆಲ್ಲಿಯಲ್ಲಿ ನಕ್ಸಲ್ ನಾಯಕ ವರ್ಗೀಸ್ ಸತ್ತದ್ದು ಗುಂಡಿನ ಚಕಮಕಿಯಲ್ಲಿ ಅಂತ ದಾಖಲೆ. ಸಿಆರ್‌ಪಿಎಫ್ ಕಾನ್‌ಸ್ಟೇಬಲ್ ರಾಮಚಂದ್ರನ್ ನಾಯರ್ 1998ರಲ್ಲಿ ಬಾಯಿ ಬಿಟ್ಟರು: ಹಿಡಿದು ತಂದವನನ್ನು ಮೇಲಿನವರ ಆಜ್ಞೆಯಂತೆ ನಾನೇ ಗುಂಡಿಕ್ಕಿದೆ ಅಂತ. ಇಪ್ಪತ್ತೆಂಟು ವರ್ಷ ಒಬ್ಬ ಮನುಷ್ಯ ಅದನ್ನು ಎದೆಯಲ್ಲಿ ಇಟ್ಟುಕೊಂಡು ಊಟ ಮಾಡಿದ, ಮಲಗಿದ. 2010ರಲ್ಲಿ ಸಿಬಿಐ ಕೋರ್ಟು ಇದೇ ಕೊಲೆಗೆ ನಿವೃತ್ತ ಐಜಿ ಲಕ್ಷ್ಮಣ ಅವರಿಗೆ ಜೀವಾವಧಿ ಕೊಟ್ಟಾಗ ನಾಯರ್ ಬದುಕಿರಲಿಲ್ಲ. ಪೊಲೀಸರ ಒಗ್ಗಟ್ಟು ಒಳ್ಳೆಯದು ಅನ್ನುವವರು ಆ 28 ವರ್ಷವನ್ನು ಲೆಕ್ಕಕ್ಕೆ ಹಿಡಿಯಬೇಕು.

ತಲಪಾಡಿ ಬಸ್ಸು
ಇಸ್ಪೀಟಿನಿಂದ ನಕ್ಸಲ್‌ವರೆಗೆ ಬಂದಾಯ್ತು ಮಾರಾಯ್ರೆ.

ಚಂದ್ರಗಿರಿ ತೀರ
ದೂರ ಹೋಗಿಲ್ಲ. ಸುಮ್ಮನಿರುವುದು ಚಿಕ್ಕದರಲ್ಲಿ ಅಭ್ಯಾಸ ಆದರೆ ದೊಡ್ಡದರಲ್ಲೂ ಬರ್ತದೆ.

ಖಾಕಿಯ ಮನೆಯಾಕೆ
ನೀವೆಲ್ಲ ಹೇಳಿದ್ದು ಸರಿಯೇ ಇರಬಹುದು. ನಾನು ಕ್ವಾರ್ಟರ್ಸಿನ ಒಳಗಿನದ್ದು ಹೇಳ್ತೇನೆ. ಮದುವೆಯಾಗಿ ಹದಿನಾಲ್ಕು ವರ್ಷ. ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನಾನು ನೋಡಿದ್ದೇನೆ, ಅವರೂ ನೋಡಿದ್ದಾರೆ, ಒಟ್ಟಿಗೆ ಒಂದು ಸಲವೂ ಇಲ್ಲ. ಎಲ್ಲರೂ ಆಕಾಶ ನೋಡುವಾಗ ಅವರು ಜನರ ಕಡೆ ಮುಖ ಮಾಡಿ ನಿಂತಿರ್ತಾರೆ. ಬೆಡಿಯ ಬೆಳಕು ಅವರ ಬೆನ್ನಿಗೆ. ಮಗಳು ಚಿಕ್ಕವಳಿದ್ದಾಗ "ಅಪ್ಪ ಯಾಕೆ ತಿರುಗಿ ನೋಡೋದಿಲ್ಲ" ಅಂತ ಅಳುತ್ತಿದ್ದಳು.

ಬೂಟು ಕಳಚಿದ ಮೇಲೆ ಕಾಲು ನೋಡಬೇಕು ನೀವು. ಕಾಲುಚೀಲದ ಇಲಾಸ್ಟಿಕ್ಕಿನ ಗೆರೆ ಮೀನಖಂಡದ ಸುತ್ತ ಬಳೆಯ ಹಾಗೆ ಕೂತಿದೆ, ರಜೆಯಲ್ಲಿ ಹದಿನೈದು ದಿನ ಮನೆಯಲ್ಲಿದ್ದರೂ ಮಾಸುವುದಿಲ್ಲ. ಅಲ್ಲಿ ಕೂದಲೇ ಹುಟ್ಟುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಗಡಿ ಮುಚ್ಚಿದಾಗ ಅವರಿಗೆ ತಲಪಾಡಿಯಲ್ಲಿ ಡ್ಯೂಟಿ. ಆಚೆ ಕರ್ನಾಟಕದವರು ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಊರು ನಮ್ಮದು. ಆಂಬುಲೆನ್ಸು ಬಂದು ನಿಂತು ತಿರುಗಿ ಹೋಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ನಮ್ಮ ಸೋದರತ್ತೆಗೆ ವಾರಕ್ಕೆ ಎರಡು ಡಯಾಲಿಸಿಸ್ ಮಂಗಳೂರಿನಲ್ಲೇ. ಅತ್ತೆಯ ಮಗ ಇವರಿಗೆ ಫೋನು ಮಾಡಿ "ನೀನು ಪೊಲೀಸಲ್ವಾ, ದಾಟಿಸು" ಅಂತ ಬೈದ. ದಾಟಿಸುವುದು ಇವರ ಕೈಯಲ್ಲಿತ್ತಾ? ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರಸ್ತೆ ತೆರೆಯಬೇಕು ಅಂದಿತು, ಆದರೂ ತೆರೆಯಲು ದಿನ ಹಿಡಿಯಿತು. ಅತ್ತೆ ಬದುಕಿದರು, ಕಣ್ಣೂರಿಗೆ ಕರಕೊಂಡು ಹೋಗಿ. ಆ ಮನೆಗೂ ನಮಗೂ ಈಗ ಮಾತಿಲ್ಲ.

ಗಡಿಯಾಚೆ
ಅಕ್ಕಾ, ನಾನು ಆಚೆ ಬದಿಯಲ್ಲಿ ನಿಂತವರಲ್ಲಿ ಒಬ್ಬ. ದಕ್ಷಿಣ ಕನ್ನಡ, ಆಗ ಕಾನ್‌ಸ್ಟೇಬಲ್. ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ. ಬ್ಯಾರಿಕೇಡಿನ ಈಚೆ ನಾವು, ಆಚೆ ನಿಮ್ಮವರು. ಎರಡೂ ಕಡೆ ತುಳು. ರಾತ್ರಿ ಚಾ ಬಂದರೆ ಕಪ್ಪು ದಾಟಿಸ್ತಿದ್ದೆವು. ಆಂಬುಲೆನ್ಸು ಬಂದಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಮಗೂ ಮೇಲಿನ ಆಜ್ಞೆ. ನನ್ನ ಹೆಂಡತಿಯ ತವರು ಮಂಜೇಶ್ವರ. ನಿಮ್ಮ ಮನೆಯವರು ನನಗೆ ಗುರುತಿರಲೂಬಹುದು.

ಖಾಕಿಯ ಮನೆಯಾಕೆ
ಅವರಿಗೆ ತೋರಿಸಿದೆ. "ಬೆಲ್ಲದ ಚಾ ತರ್ತಿದ್ದವರಾ ಕೇಳು" ಅಂದರು.

ಗಡಿಯಾಚೆ
ನಾನೇ ಅಕ್ಕಾ. ಫ್ಲಾಸ್ಕು ಹಸಿರು ಬಣ್ಣದ್ದು.

ಪೆರ್ಲದ ಹುಡುಗ
ಇದನ್ನು ಓದಿ ಮೈ ಜುಂ ಅಂತು.

ಸ್ಲೇಟು ಬಳಪ
ನಾನು ಕನ್ನಡ ಮೀಡಿಯಂ ಶಾಲೆಯ ಟೀಚರ್. ನಮ್ಮಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಉಂಟು. ಕೇರಳದಲ್ಲಿ 2010ರಲ್ಲಿ ಶುರುವಾದದ್ದು, ಎಂಟು-ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ಮೊದಲ ದಿನ ಖಾಕಿ ಹಾಕಿ ಬಂದ ಒಬ್ಬ ಹುಡುಗಿ, ಬಸ್ಸಿನಲ್ಲಿ ಕಂಡಕ್ಟರ್ "ಎಂತ ಮೇಡಂ" ಅಂದ ಅಂತ ಹೇಳಿ ನೆಟ್ಟಗೆ ನಿಂತಳು. ಹದಿಮೂರು ವರ್ಷ ಅವಳಿಗೆ. ಬಟ್ಟೆ ಬದಲಾದದ್ದೇ ಎದುರಿನವರು ಬದಲಾದರು, ಎದುರಿನವರು ಬದಲಾದದ್ದೇ ಮಗು ಬದಲಾಯ್ತು. ಅಡಿಕೆ ಹಾಳೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಕ್ಲಾಸಿನಲ್ಲಿ ಕಂಡ ಉತ್ತರ ಇದು: ಮೊದಲು ಚಾಪೆಯ ಅಡಿಗೆ ಎಲೆ ಹಾಕಿದವರು ನಿಮ್ಮ ಮಾವ.

ಕುಂಬಳೆಯವ
ಟೀಚರ್, ಹಾಗಾದರೆ ತಪ್ಪೆಲ್ಲ ಜನರದ್ದಾ? ಎಲೆ ಅಡಗಿಸಿದ್ದು ಪೊಕ್ಕಡೆ (ಸುಮ್ಮಸುಮ್ಮನೆ) ಅಲ್ಲ. ಅಷ್ಟು ವರ್ಷದ ಅನುಭವ ಅಡಗಿಸಿತು.

ಸ್ಲೇಟು ಬಳಪ
ಎಲ್ಲ ಅಂತ ಹೇಳಲಿಲ್ಲ. ಮೊದಲು ಅಂತ ಹೇಳಿದ್ದು.

ಪೆರ್ಲದ ಹುಡುಗ
ಫಿಸಿಕಲ್ ಟೆಸ್ಟಿನ ಬಗ್ಗೆ ಯಾರಾದ್ರೂ ಹೇಳಿ. ಎತ್ತರ 168 ಸೆಂಟಿಮೀಟರ್ ಉಂಟು ನನ್ನದು, ಸರೀ ಗಡಿಯಲ್ಲಿ. ಎಂಟು ಐಟಮ್‌ನಲ್ಲಿ ಐದು ಪಾಸಾದರೆ ಸಾಕಲ್ವಾ?

ನಿವೃತ್ತ ರೈಟರ್
ಐದು ಸಾಕು. ನೂರು ಮೀಟರ್ 14 ಸೆಕೆಂಡ್, 1500 ಮೀಟರ್ 5 ನಿಮಿಷ 44 ಸೆಕೆಂಡ್. ಹಗ್ಗ ಹತ್ತುವುದನ್ನು ಬಿಡಬೇಡ, ಅಡಿಕೆ ಮರ ಹತ್ತಿದ ಕೈಗೆ ಅದು ಸುಲಭ. ಎತ್ತರ ಬೆಳಗ್ಗೆ ಅಳೆಸು, ಸಂಜೆಗೆ ಮೈ ಸ್ವಲ್ಪ ಕುಗ್ಗಿರ್ತದೆ. ಮಲಯಾಳಂ ಬರೆಯಲು ಈಗಲೇ ಕಲಿ, ಓದಲು ಪತ್ರಿಕೆ ಸಾಕು.

ಗಡಿಯಾಚೆ
ನಮ್ಮಲ್ಲಿ ಟೊಪ್ಪಿ ಬದಲಾಯ್ತು, ಗೊತ್ತುಂಟಾ? ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಇದ್ದ ಸ್ಲೋಚ್ ಹ್ಯಾಟ್ ಹೋಗಿ 2025ರ ಅಕ್ಟೋಬರ್‌ನಲ್ಲಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಆ ಹ್ಯಾಟು ಮಳೆಗೆ ನೆನೆದರೆ ಕುತ್ತಿಗೆಗೆ ಭಾರ, ಓಡಿದರೆ ಹಾರಿ ಬೀಳೋದು. ಹೊಸ ಕ್ಯಾಪು ಹಾಕಿದ ದಿನ ನಮ್ಮ ಒಬ್ಬ ಹಳೆ ಹೆಡ್ಡು ಕನ್ನಡಿ ಮುಂದೆ ಹತ್ತು ನಿಮಿಷ ನಿಂತಿದ್ದರು. "ಇಷ್ಟು ವರ್ಷಕ್ಕೆ ನನ್ನ ಮುಖ ಪೂರ್ತಿ ಕಾಣ್ತದೆ" ಅಂದರು. ಟೊಪ್ಪಿ ಚಿಕ್ಕ ವಿಷಯ ಅಂತ ಹೊರಗಿನವರಿಗೆ ಅನಿಸಬಹುದು. ಸಿಪಿಒ ಅಂತ ನಿಮ್ಮಲ್ಲಿ ಹೆಸರು ಬದಲಾದದ್ದೂ ಹಾಗೇ ಅಲ್ವಾ? ಪೇದೆ ಅಂತ ಕರೆಸಿಕೊಂಡವನಿಗೇ ಗೊತ್ತು ಅದರ ಬೆಲೆ.

ಕರಿಕೋಟು
ಟೊಪ್ಪಿಯಿಂದ ಕೆಲಸದ ಕಡೆಗೆ ಬನ್ನಿ. ಕಾಸರಗೋಡಿನಲ್ಲಿ ಎಲ್‌ಡಿ ಕ್ಲರ್ಕಿಗೆ "ಕನ್ನಡ ಮತ್ತು ಮಲಯಾಳಂ ಬಲ್ಲವರು" ಅಂತಲೇ ಪಿಎಸ್‌ಸಿ ಪ್ರತ್ಯೇಕ ಹುದ್ದೆ ಕರೆಯುತ್ತದೆ. ಗುಮಾಸ್ತರಿಗೆ ಬೇಕಾದ ಕನ್ನಡ ಠಾಣೆಗೆ ಬೇಡವಾ? ರೇಷನ್ ಕಾರ್ಡಿನಲ್ಲಿ ತಪ್ಪಾದರೆ ತಿದ್ದಬಹುದು. ಮೊಳಿಯಲ್ಲಿ ತಪ್ಪಾದರೆ ಕೋರ್ಟಿನಲ್ಲಿ ಆ ಅಜ್ಜನೇ ಸುಳ್ಳುಗಾರ ಆಗ್ತಾನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಲ್ಲಿ ಪ್ರತಿ ಪಾಳಿಗೆ ಒಬ್ಬರಾದರೂ ಕನ್ನಡ ಓದಿ ಬರೆಯಬಲ್ಲವರು ಇರಬೇಕು, ಅವರ ಅನುವಾದದ ಕೆಲಸ ಡ್ಯೂಟಿಯಾಗಿ ದಾಖಲಾಗಬೇಕು. ಅರ್ಜಿ ನಾನು ಬರೆಯುತ್ತೇನೆ, ಕನ್ನಡದಲ್ಲೇ. ಸಹಿ ಹಾಕಲು ಯಾರು ತಯಾರು?

ಕುಂಬಳೆಯವ
ನಾನು ಹಾಕ್ತೇನೆ. ಸಿಟ್ಟು ಇಳಿದಿಲ್ಲ, ಆದರೂ ಹಾಕ್ತೇನೆ.

ಸ್ಲೇಟು ಬಳಪ
ನಾನೂ. ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೂ ಕೆಲವರು ಸಿಗ್ತಾರೆ.

ಚಂದ್ರಗಿರಿ ತೀರ
ನನ್ನ ಮನೆಮಾತು ಮಲಯಾಳಂ, ಕಲಿತದ್ದು ಕನ್ನಡ. ನನ್ನ ಸಹಿ ನಡೀತದಾದರೆ ಹಾಕ್ತೇನೆ.

ಕರಿಕೋಟು
ನಡೀತದೆ. ನಿಮ್ಮದು ಮೊದಲು ಬೇಕು.

ಅಡಿಕೆ ಹಾಳೆ
ನಿನ್ನೆ ರಾತ್ರಿ ಅಣ್ಣ ಬಂದಿದ್ದ. ಎಲ್ಲವನ್ನೂ ಓದಿ ಹೇಳಿದೆ. ಜೀಪಿನ ವಿಷಯ ಬಂದಾಗ ಅನ್ನ ಕಲಸುತ್ತಿದ್ದ ಕೈ ನಿಂತಿತು. "ನಾನು ಒಂದೆರಡು ಸಲ ಸುಮ್ಮನಿದ್ದೇನೆ" ಅಂದ. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ.

ಊಟ ಆದ ಮೇಲೆ ಜೇಬಿನಿಂದ ಒಂದು ಚಿಕ್ಕ ಡೈರಿ ತೆಗೆದು ಕೊಟ್ಟ. ಇದುವರೆಗೆ ನನಗೆ ಗೊತ್ತೇ ಇರಲಿಲ್ಲ. ಒಂದೊಂದು ಪುಟದಲ್ಲೂ ಮೂರು ಸಾಲು: ಕನ್ನಡ, ತುಳು, ಮಲಯಾಳಂ. ಕಟ್ಟಪುಣಿ (ಗದ್ದೆಯ ಬದು) ಅಂದರೆ ವರಂಬು. ಹಟ್ಟಿ (ದನದ ಕೊಟ್ಟಿಗೆ) ಅಂದರೆ ತೊಳುತ್ತು. ಕತ್ತಿ ಅಂತ ಬರೆದು ಅದರ ಅಡಿಗೆ ಎರಡು ಗೆರೆ: "ಅವರಿಗೆ ಚಾಕು. ನಮಗೆ ಹುಲ್ಲು ಕೊಯ್ಯುವುದು. ಕೇಳಿ ಖಾತ್ರಿ ಮಾಡದೆ ಬರೆಯಬೇಡ." ಅರ್ಧ ಡೈರಿ ಖಾಲಿ ಉಂಟು. ರೈಟರ್ ಸಾರ್ ಹತ್ತಿರ ಒಂದು ಕೇಳಲು ಹೇಳಿದ್ದಾನೆ: ಮಹಜರಿನಲ್ಲಿ ಜನ "ಜಾಲು" (ಅಂಗಳ) ಅಂದರೆ ನೀವು ಎಂತ ಬರೆಯುತ್ತಿದ್ದಿರಿ? ಮುಟ್ಟಂ ಅಂತ ಬರೆದರೆ ಸಾಕಾ?

ನಿವೃತ್ತ ರೈಟರ್
ಮನೆ ಮುಂದಿನ ಜಾಲಾದರೆ ಮುಟ್ಟಂ ಸಾಕು. ಅಡಿಕೆ ಒಣಗಿಸುವ ಜಾಲಾದರೆ "ಅಡಿಕೆ ಒಣಗಿಸುವ ಜಾಗ" ಅಂತ ಬಿಡಿಸಿ ಬರೆಯಲಿ, ಜೊತೆಗೆ ಜಾಲು ಅಂತ ಅವರು ಹೇಳಿದ ಶಬ್ದವನ್ನೂ ಹಾಗೇ ಇಡಲಿ. ನನ್ನದೂ ಇಂಥದೇ ಎರಡು ಪುಸ್ತಕ ಉಂಟು, ಗೆದ್ದಲು ಮೂಲೆ ತಿಂದಿದೆ, ಅಕ್ಷರ ಉಳಿದಿದೆ. ಭಾನುವಾರ ರಜೆ ಇದ್ದರೆ ಬಂದು ತೆಗೆದುಕೊಂಡು ಹೋಗಲು ಹೇಳಿ. ಇಸ್ಪೀಟು ಕಟ್ಟೂ ಇರ್ತದೆ.